ರಸ್ತೆ ದಾಟಿದ ಕುರ್ಚಿಗಳು

ನಮ್ಮ ಸೋದರಮಾವ ಈ ಭೂಮಿಯ ಮೇಲೆ ಯಾರಿಗೂ ಹೆದರಿದವರಲ್ಲ. ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರಿಗೆ ಹೆದರಿಲ್ಲ, ಜಯನಗರದ ಮಧ್ಯಾಹ್ನದ ಟ್ರಾಫಿಕ್ಕಿಗೆ ಹೆದರಿಲ್ಲ, ಅತ್ತೆಗೆ ಕೂಡ... ಇರಲಿ, ಅದನ್ನು ಸದ್ಯಕ್ಕೆ ಬಿಡೋಣ. ಆದರೆ ಯಾರಾದರೂ ನಿಂತುಕೊಂಡು ತಿನ್ನುವುದನ್ನು ಕಂಡರೆ ಮಾತ್ರ ಅವರ ಕೈಕಾಲು ತಣ್ಣಗಾಗುತ್ತವೆ. ಹಾವು ಕಂಡವರಂತೆ ಹಿಂದೆ ಸರಿದು, ಕೈಮುಗಿದು, ಕೂತ್ಕೊಳ್ಳಿ ಸಾರ್ ಎಂದು ಬೇಡಿಕೊಳ್ಳುತ್ತಾರೆ. ಆ ಸಾರ್ ಪರಿಚಯದವರೇ ಆಗಿರಬೇಕೆಂದೇನೂ ಇಲ್ಲ. ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕಡಲೆಕಾಯಿ ತಿನ್ನುತ್ತಿದ್ದ ಕಂಡಕ್ಟರನ್ನು ಹೀಗೆ ಬೇಡಿಕೊಂಡು, ಆತ ಹೆದರಿ ಬಸ್ಸು ಹತ್ತಿ ಕೂತದ್ದನ್ನು ನಾನೇ ನೋಡಿದ್ದೇನೆ.

ಇದಕ್ಕೆ ಅವರದೊಂದು ವೈದ್ಯಶಾಸ್ತ್ರವೂ ಇದೆ. ನಿಂತು ತಿಂದರೆ ಅನ್ನ ಹೊಟ್ಟೆಯಲ್ಲಿ ತಂಗುವುದಿಲ್ಲವಂತೆ, ಸೀದಾ ಮಂಡಿಗೆ ಇಳಿಯುತ್ತದಂತೆ! ಪುರಾವೆ ಕೇಳಿದರೆ ಕಿಟಕಿಯಾಚೆ ಕೈ ತೋರಿಸುತ್ತಾರೆ. ಜಯನಗರದಲ್ಲಿ ನಿಂತು ತಿನ್ನುವ ದರ್ಶಿನಿ ಹೋಟೆಲುಗಳು ಬಂದ ಮೇಲೆ ತಾನೇ ಬ್ಲಾಕಿಗೊಬ್ಬರು ಮಂಡಿ ಡಾಕ್ಟರು ಬಂದದ್ದು? ಅದಕ್ಕೆ ಮೊದಲು ಯಾರಿಗಾದರೂ ಮಂಡಿ ಎಂಬುದೊಂದು ಇದೆ ಅಂತಾದರೂ ಗೊತ್ತಿತ್ತೇ? ಈ ವಾದಕ್ಕೆ ಉತ್ತರ ಹುಡುಕಿ ಹುಡುಕಿ ನಾವು ಸೋತಿದ್ದೇವೆ.

ನಮ್ಮ ದೊಡ್ಡಮ್ಮನ ಮಗಳ ಮದುವೆಯಲ್ಲಿ ಬಫೆ ಇಟ್ಟಿದ್ದರು. ಮಾವನನ್ನು ಕರೆಯದೇ ಇರುವಂತಿಲ್ಲ, ಕರೆದರೆ ಬಫೆ ಇರುವಂತಿಲ್ಲ. ಎರಡೂ ಆಯಿತು. ಮಾವ ಛತ್ರದ ಮೂಲೆಯಿಂದ ಒಂದು ಕುರ್ಚಿ ಎತ್ತಿಕೊಂಡು ಬಂದು ಕ್ಯೂನಲ್ಲಿ ಹಾಕಿ ಕೂತರು. ಕ್ಯೂ ಒಂದು ಹೆಜ್ಜೆ ಮುಂದೆ ಹೋದರೆ ಮಾವ ಎದ್ದು, ಕುರ್ಚಿಯನ್ನು ಒಂದು ಹೆಜ್ಜೆ ಮುಂದೆ ಇಟ್ಟು, ಮತ್ತೆ ಕೂರುತ್ತಿದ್ದರು. ಯಾರೋ ಗಾಬರಿಯಾಗಿ ಹೆಣ್ಣಿನ ಕಡೆಯ ಡಾಕ್ಟರೊಬ್ಬರನ್ನು ಕರೆತಂದರು. ಅವರು ಕೈಯಲ್ಲಿ ತಟ್ಟೆ ಹಿಡಿದೇ ಬಂದು, ಎದೆ ನೋವಾ ಎಂದು ಕೇಳಿದರು.

"ನೋವಿಲ್ಲ ಡಾಕ್ಟ್ರೇ, ಸಂಕಟ," ಎಂದರು ಮಾವ. "ಓದಿದೋರು ನೀವೂ ನಿಂತ್ಕೊಂಡೇ ತಿಂತಿದೀರಲ್ಲ."

ಆ ಡಾಕ್ಟರು ಈಗಲೂ ಮದುವೆಮನೆಗಳಲ್ಲಿ ಮಾವನನ್ನು ಕಂಡರೆ ತಟ್ಟೆ ಬೆನ್ನ ಹಿಂದೆ ಅಡಗಿಸುತ್ತಾರೆ.

ಇಂಥವರು ಏನು ಉದ್ಯೋಗ ಮಾಡುತ್ತಿರಬಹುದು, ಊಹಿಸಿ! ಊಟದ ಹೋಟೆಲು. ಜಯನಗರದ ಒಂದು ಅಡ್ಡರಸ್ತೆಯಲ್ಲಿ ಅವರ ತಂದೆಯ ಕಾಲದಿಂದಲೂ ಇದೆ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹೋಗಿ ಕೂರುತ್ತೀರಿ, ಆಮೇಲೆ ಏಳುವುದಕ್ಕೆ ಆಗಲಿಲ್ಲ ಎಂದು ನನ್ನನ್ನು ಬೈಯುತ್ತೀರಿ. ಯಾಕೆಂದರೆ ಅಲ್ಲಿ ಕೂರುವುದು ಗಿರಾಕಿಯ ಇಷ್ಟ, ಏಳುವುದು ಮಾವನ ಇಷ್ಟ. ಬಾಳೆ ಎಲೆ ಹಾಕಿ, ಉಪ್ಪು ಉಪ್ಪಿನಕಾಯಿಯಿಂದ ಶುರುವಾಗಿ, ಕೋಸಂಬರಿ, ಪಲ್ಯ, ಹುಳಿ, ಸಾರು ಎಲ್ಲ ಸಾವಕಾಶವಾಗಿ ಬಂದು, ಕಡೆಗೆ ಮೊಸರನ್ನ ಮುಗಿಯುವವರೆಗೆ ಬಿಲ್ಲು ಬರುವುದಿಲ್ಲ. ಗಲ್ಲಾದಲ್ಲಿ ಕೂರುವ ಅತ್ತೆ ಬಿಲ್ಲು ಬರೆದು ಸಿದ್ಧವಾಗಿಟ್ಟಿದ್ದರೂ ಮಾವ ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಾರೆ.

ಒಮ್ಮೆ ಒಬ್ಬ ಹುಡುಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಆಫೀಸಿನ ಮೀಟಿಂಗನ್ನು ಫೋನಿನಲ್ಲಿ ನೋಡುತ್ತಾ ಉಣ್ಣುತ್ತಿದ್ದ. ಸಾರನ್ನಕ್ಕೇ ಎದ್ದುಬಿಟ್ಟ. ಮಾವ ಮೊಸರನ್ನದ ಪಾತ್ರೆ ಹಿಡಿದು ಬಾಗಿಲಿಗೆ ಅಡ್ಡ ನಿಂತರು. ಹುಡುಗ ಗೋಗರೆದ, ಮಾವ ಜಗ್ಗಲಿಲ್ಲ. ಕೊನೆಗೆ ಅವನು ಅಂಗೈ ಒಡ್ಡಿ ಮೊಸರನ್ನದ ತುತ್ತು ಇಸಿದುಕೊಂಡು ನುಂಗಿದ. ಅಷ್ಟನ್ನೂ ಮೀಟಿಂಗಿನವರು ನೋಡುತ್ತಿದ್ದರು. ಮರುದಿನ ಅವರಲ್ಲಿ ನಾಲ್ಕೈದು ಜನ ಹೋಟೆಲು ಹುಡುಕಿಕೊಂಡು ಬಂದರು, ಮ್ಯಾನೇಜರೂ ಸೇರಿದಂತೆ! ಮಾವ ಅವರನ್ನೂ ಹಾಗೆಯೇ ನಡೆಸಿಕೊಂಡರು.

ಎಲ್ಲ ಹೀಗೆ ಸುಖವಾಗಿದ್ದಾಗ ಹಳದಿ ವ್ಯಾನು ಬಂತು.

ಆಷಾಢದ ಒಂದು ಬೆಳಿಗ್ಗೆ, ಹೋಟೆಲಿನ ಎದುರಿನ ಹೊಂಗೆಮರದ ಕೆಳಗೆ ಅದು ಬಂದು ನಿಂತಿತು. ಅದರ ಒಂದು ಪಕ್ಕ ಮೇಲಕ್ಕೆ ತೆರೆದುಕೊಂಡು ಚಪ್ಪರದ ಹಾಗೆ ನಿಂತಿತು. ಒಳಗಿದ್ದವಳು ಗದಗದ ಕಡೆಯ ಒಬ್ಬ ಹೆಣ್ಣುಮಗಳು. ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ. ಗಂಡ ಬೆಳಿಗ್ಗೆ ವ್ಯಾನು ತಂದು ನಿಲ್ಲಿಸಿ ತನ್ನ ಕೆಲಸಕ್ಕೆ ಹೋಗುತ್ತಾನೆ, ಸಂಜೆ ಬಂದು ಓಡಿಸಿಕೊಂಡು ಹೋಗುತ್ತಾನೆ. ನಡುವೆ ಎಲ್ಲಾ ಅವಳೇ. ತೆಳ್ಳಗಿನ ಜೋಳದ ರೊಟ್ಟಿಯೊಳಗೆ ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಒಂದಿಷ್ಟು ಹಸಿ ಈರುಳ್ಳಿ ಇಟ್ಟು ಸುರುಳಿ ಸುತ್ತಿ ಕೈಗೆ ಕೊಡುವಳು. ಕೇಳಿದ ಎರಡೇ ನಿಮಿಷದಲ್ಲಿ ಊಟ ಕೈಯಲ್ಲಿ. ಪಕ್ಕದ ಆಫೀಸುಗಳ ಹುಡುಗ ಹುಡುಗಿಯರಿಗೆ ಇನ್ನೇನು ಬೇಕು? ಮರದ ಸುತ್ತ ಜಾತ್ರೆ. ಒಬ್ಬ ಸ್ಕೂಟರಿಗೆ ಒರಗಿ, ಇನ್ನೊಬ್ಬಳು ಟ್ರಾನ್ಸ್‌ಫಾರ್ಮರಿನ ಬೇಲಿಗೆ ಆತು, ಎಲ್ಲರೂ ನಿಂತು, ನಿಂತು, ನಿಂತು ತಿನ್ನುತ್ತಿದ್ದರು!

ನಾನು ಹತ್ತಿರದ ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ, ಮಧ್ಯಾಹ್ನದ ಊಟ ಮಾವನಲ್ಲಿಯೇ. ಆದ್ದರಿಂದ ಅವರ ಅವಸ್ಥೆ ದಿನಾ ನೋಡಿದೆ. ಮಾವ ಕಿಟಕಿ ಹತ್ತಿರ ಹೋಗುತ್ತಿದ್ದರು, ನೋಡುತ್ತಿದ್ದರು, ಕಣ್ಣು ಮುಚ್ಚುತ್ತಿದ್ದರು, ಮತ್ತೆ ತೆರೆದು ನೋಡುತ್ತಿದ್ದರು. ಇತ್ತ ಹೋಟೆಲಿನ ಹಾಲ್ ದಿನದಿಂದ ದಿನಕ್ಕೆ ಬರಿದಾಗುತ್ತಾ ಬಂತು. ಶ್ರಾವಣ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಊಟಕ್ಕೆ ಬರುತ್ತಿದ್ದವರು ನಾನು, ಒಂದಿಬ್ಬರು ನಿವೃತ್ತ ಮೇಷ್ಟ್ರುಗಳು ಮತ್ತು ಮಂಡಿ ಆಪರೇಷನ್ ಮಾಡಿಸಿಕೊಂಡು ನಿಲ್ಲಲಾಗದ ಒಬ್ಬರು ಮಾತ್ರ. ಸಪ್ಲೈಯರುಗಳು ಗೋಡೆಗೆ ಒರಗಿ ಫೋನು ನೋಡುತ್ತಿದ್ದರು.

ಅತ್ತೆ ಇದನ್ನೆಲ್ಲ ಗಲ್ಲಾದಿಂದ ನೋಡುತ್ತಲೇ ಇದ್ದರು. ಅವರದು ಮಾತು ಕಡಿಮೆ, ಆಡಿದರೆ ಮುಗಿಯಿತು. ಒಂದು ದಿನ ಸ್ಟೀಲ್ ಮೇಜು ಮಾಡುವವನನ್ನು ಕರೆಸಿ ಹಾಲ್‌ನ ಅಳತೆ ತೆಗೆಸಿದರು. ಕುರ್ಚಿಗಳನ್ನೆಲ್ಲ ತೆಗೆದು, ಎದೆಯೆತ್ತರದ ಮೇಜು ಹಾಕಿ, ಟೋಕನ್ ಇಟ್ಟು, ನಿಂತು ತಿಂದು ಹೋಗುವ ದರ್ಶಿನಿ ಮಾಡಿಬಿಡುವುದು ಎಂಬುದು ಅವರ ಯೋಜನೆ. ಮಾವನ ಮುಖ ನೋಡಬೇಕಿತ್ತು! ಯಾರೋ ತಮ್ಮ ಸೊಂಟದ ಅಳತೆಯನ್ನೇ ತೆಗೆಯುತ್ತಿದ್ದಾರೇನೋ ಎಂಬಂತೆ ನಿಂತಿದ್ದರು.

"ಕುರ್ಚಿ ಹೋದ ದಿನ ನಾನೂ ಹೋದೆ ಅಂತ ತಿಳ್ಕೋ," ಎಂದರು. "ಆಮೇಲೆ ಈ ಬಾಗಿಲು ತುಳಿಯಲ್ಲ. ಮನೇಲಿ ಕೂತ್ಕೋತೀನಿ."

"ದೀಪಾವಳಿವರೆಗೂ ನೋಡ್ತೀನಿ," ಎಂದರು ಅತ್ತೆ. "ಅಷ್ಟರಲ್ಲಿ ಹಾಲ್ ತುಂಬಿದ್ರೆ ಕುರ್ಚಿ ಇರ್ಲಿ. ಇಲ್ದಿದ್ರೆ ಇಲ್ಲ."

ಅವರು ಅದನ್ನು ಸಿಟ್ಟಿನಲ್ಲಿ ಹೇಳಲಿಲ್ಲ. ಹೋಟೆಲು ಮುಚ್ಚಿಹೋಗುವುದಕ್ಕಿಂತ ನಿಂತಾದರೂ ಬದುಕಲಿ ಎಂಬುದು ಅವರ ಲೆಕ್ಕಾಚಾರ. ತಪ್ಪು ಎಂದು ಹೇಗೆ ಹೇಳುವುದು? ಆದರೆ ಮಾವನಿಲ್ಲದ ಆ ಹೋಟೆಲನ್ನು ನನಗೆ ಊಹಿಸಿಕೊಳ್ಳಲೂ ಆಗಲಿಲ್ಲ.

ಮಾವ ಯುದ್ಧಕ್ಕೆ ಸಿದ್ಧರಾದರು. ಶತ್ರುವಿನ ಬಲ ತಿಳಿಯಬೇಕಲ್ಲ? ನನ್ನನ್ನೇ ಗೂಢಚಾರಳನ್ನಾಗಿ ಕಳಿಸಿದರು. ನಾನು ರಸ್ತೆ ದಾಟಿ ಒಂದು ರೊಟ್ಟಿ ಸುರುಳಿ ಕಟ್ಟಿಸಿಕೊಂಡು ಬಂದೆ. ಮಾವ ಎಲೆ ಹಾಕಿಸಿದರು, ನೀರು ಚಿಮುಕಿಸಿದರು. ಆಮೇಲೆ ಮಾಡಿದ್ದನ್ನು ಬೇರೆ ಯಾರೂ ಮಾಡಲಾರರು. ಆ ಸುರುಳಿಯನ್ನು ಮೆಲ್ಲಗೆ ಬಿಡಿಸಿ, ಚಟ್ನಿಯನ್ನು ಕೆರೆದು ಎಲೆಯ ಎಡತುದಿಗೆ, ಎಣ್ಣೆಗಾಯಿಯನ್ನು ಪಲ್ಯದ ಜಾಗಕ್ಕೆ, ಈರುಳ್ಳಿಯನ್ನು ಕೋಸಂಬರಿಯ ಜಾಗಕ್ಕೆ, ರೊಟ್ಟಿಯನ್ನು ನಡುವೆ ಹಾಸಿ ಎಲ್ಲವನ್ನೂ ಅವುಗಳ ಸ್ವಸ್ಥಾನಕ್ಕೆ ಸೇರಿಸಿದರು. ಪರೀಕ್ಷೆಗೆಂದು ನನ್ನನ್ನು ಎಲೆಯ ಮುಂದೆ ಕೂರಿಸಿ ಅರ್ಧ ನನಗೆ ಕೊಟ್ಟು, ತಾವೊಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಇನ್ನೊಂದು ಚೂರು ಮುರಿದುಕೊಂಡರು.

"ಇದು ಊಟಾನೇ ಕಣೇ," ಎಂದರು ಕೊನೆಗೆ. "ಪಾಪ, ಮುದುಡಿ ಇಟ್ಟಿದಾರೆ."

ರುಚಿ ಕೆಟ್ಟದಾಗಿದ್ದರೆ ಅವರು ಬದುಕಿಕೊಳ್ಳುತ್ತಿದ್ದರು. ಚೆನ್ನಾಗಿತ್ತು, ಅದೇ ತೊಂದರೆಯಾಯಿತು. ನಮ್ಮಲ್ಲೂ ಜೋಳದ ರೊಟ್ಟಿ ಮಾಡಿಯೇ ಬಿಡೋಣ ಎಂದು ಕುಂದಾಪುರದ ಕಡೆಯ ಅಡುಗೆಭಟ್ಟರಿಗೆ ಅಪ್ಪಣೆಯಾಯಿತು. ಭಟ್ಟರು ಹಿಟ್ಟಿನೊಡನೆ ಬೆಳಗಿನಿಂದ ಕುಸ್ತಿ ಆಡಿ ಹೊರತಂದ ವಸ್ತುವನ್ನು ಎಲೆಯ ಮೇಲಿಟ್ಟರೆ ಟಣ್ ಎಂದಿತು. ನಿವೃತ್ತ ಮೇಷ್ಟ್ರೊಬ್ಬರು ಅದನ್ನು ಹಪ್ಪಳವೆಂದು ತಿಳಿದು ಪುಡಿ ಮಾಡಿ ಸಾರನ್ನಕ್ಕೆ ಕಲಸಿಕೊಂಡು, ಈ ಸಲ ಹಪ್ಪಳ ಸ್ವಲ್ಪ ದಪ್ಪ ಎಂದಷ್ಟೇ ಹೇಳಿ ಹೋದರು. ಭಟ್ಟರು ಎರಡು ದಿನ ರಜೆ ಹಾಕಿದರು.

ಇಷ್ಟಕ್ಕೇ ನಿಂತಿದ್ದರೆ ಮಾವ ಮಾಮೂಲಿಯಾಗಿ ಸೋತ ಒಬ್ಬ ಹೋಟೆಲಿನವರಾಗಿ ಉಳಿಯುತ್ತಿದ್ದರು. ಆದರೆ ಒಂದು ಮಧ್ಯಾಹ್ನ ಅವರು ಕಿಟಕಿಯಿಂದ ನೋಡುತ್ತಿದ್ದಾಗ ಬಸುರಿ ಹುಡುಗಿಯೊಬ್ಬಳು ಮರಕ್ಕೆ ಒರಗಿ, ಒಂದು ಕೈ ಸೊಂಟದ ಮೇಲಿಟ್ಟುಕೊಂಡು ರೊಟ್ಟಿ ತಿನ್ನುತ್ತಿದ್ದಳು. ಮಾವನಿಗೆ ಯುದ್ಧವೂ ಮರೆತುಹೋಯಿತು, ದೀಪಾವಳಿಯೂ ಮರೆತುಹೋಯಿತು. ಹೋಟೆಲಿನ ಒಂದು ಕುರ್ಚಿ ಎತ್ತಿಕೊಂಡವರೇ ರಸ್ತೆ ದಾಟಿ ಅವಳ ಪಕ್ಕದಲ್ಲಿ ಇಟ್ಟು ವಾಪಸು ಬಂದರು. ಅವಳು ಕೂತಳು. ಮಾವನ ಮುಖದಲ್ಲಿ ಬಹಳ ದಿನಗಳ ನಂತರ ಕಳೆ ಬಂತು.

ಚಟ ಎಂದರೆ ಹೀಗೆಯೇ ಹತ್ತುವುದು. ಮರುದಿನ ಕಾಲಿಗೆ ಪಟ್ಟಿ ಹಾಕಿಕೊಂಡವನಿಗೊಂದು, ಅದರ ಮರುದಿನ ಮುದುಕರಿಬ್ಬರಿಗೆ ಎರಡು, ಆಮೇಲೆ ಸುಮ್ಮನೆ ಸುಸ್ತಾದಂತೆ ಕಂಡವರಿಗೂ! ಒಂದೊಂದಾಗಿ ಕುರ್ಚಿಗಳು ರಸ್ತೆ ದಾಟತೊಡಗಿದವು. ಆಟೋಗಳು ನಿಂತು ದಾರಿ ಬಿಡುತ್ತಿದ್ದವು. ಗಲ್ಲಾದಿಂದ ಅತ್ತೆ ನೋಡುತ್ತಲೇ ಇದ್ದರು. ಒಂದು ದಿನ ಮಾವ ಎರಡು ಕಂಕುಳಲ್ಲಿ ಎರಡು ಕುರ್ಚಿ ಸಿಕ್ಕಿಸಿಕೊಂಡು ಹೊರಟಾಗ, ನಾನು ತೆಗೆಸಬೇಕು ಅಂದಿದ್ದನ್ನ ನೀವೇ ತೆಗೀತಿದೀರಲ್ಲ ಎಂದು ಮೆಲ್ಲಗೆ ಕೇಳಿದರು. ಮಾವ ಒಂದು ಕ್ಷಣ ನಿಂತರು. ಆ ದೃಷ್ಟಿಯಿಂದ ಅವರು ಯೋಚಿಸಿರಲಿಲ್ಲ. ಆದರೆ ಕೈಗೆತ್ತಿಕೊಂಡ ಕುರ್ಚಿಯನ್ನು ಇಳಿಸುವುದು ಹೇಗೆ? ದಾಟಿಯೇ ಬಿಟ್ಟರು.

ಶತ್ರುವಿನ ಸೈನ್ಯಕ್ಕೆ ಆಸನ ಹೊತ್ತ ಸೇನಾಧಿಪತಿಯನ್ನು ನೀವೆಲ್ಲಾದರೂ ಕಂಡಿದ್ದೀರಾ? ನಮ್ಮ ಮನೆಯಲ್ಲಿದ್ದಾರೆ.

ಭಾದ್ರಪದದಲ್ಲಿ ಒಂದು ದಿನ ಊಟದ ಹೊತ್ತಿಗೆ ಸರಿಯಾಗಿ ಮಳೆ ಸುರಿಯಿತು. ವ್ಯಾನಿನ ಚಪ್ಪರ ಎಷ್ಟು ಜನಕ್ಕೆ ಸಾಕಾದೀತು? ಕೈಯಲ್ಲಿ ರೊಟ್ಟಿ ಹಿಡಿದು ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು. ಮಾವ ಮೆಟ್ಟಿಲಿಗೆ ಬಂದು ಕೂಗಿದರು, ಒಳಗೆ ಬನ್ನಿ, ಕೂತ್ಕೊಂಡು ತಿನ್ನಿ ಎಂದು. ಅಷ್ಟೂ ಜನ ಓಡಿಬಂದು ಹಾಲ್ ತುಂಬ ಕೂತರು. ಹೊರಗಿನ ತಿಂಡಿ ತರಬಾರದು ಎಂಬ ಬೋರ್ಡು ಅವರ ತಲೆಯ ಮೇಲೆಯೇ ನೇತಾಡುತ್ತಿತ್ತು. ಮಾವ ಎಲ್ಲರಿಗೂ ಎಲೆ ಹಾಕಿಸಿದರು. ಸುರುಳಿ ಬಿಚ್ಚಿ ಎಲೆಯ ಮೇಲೆ ಹೇಗೆ ಜೋಡಿಸಿಕೊಳ್ಳಬೇಕೆಂದು ಪಂಕ್ತಿಯುದ್ದಕ್ಕೂ ಪಾಠ ಹೇಳಿದರು. ಕೂತ ಮೇಲೆ ಮೊಸರನ್ನ ಬೇಡವೇ? ಬಂತು. ಮೊಸರನ್ನಕ್ಕೆ ಮೊದಲು ಒಂದು ಹಿಡಿ ಸಾರನ್ನ ಬೇಡವೇ? ಅದೂ ಬಂತು. ಮಳೆ ನಿಂತಿತು, ಯಾರೂ ಏಳಲಿಲ್ಲ.

ಮರುದಿನ ಸೊಗಸಾದ ಬಿಸಿಲು. ಆದರೂ ಜನ ವ್ಯಾನಿನಲ್ಲಿ ರೊಟ್ಟಿ ತೆಗೆದುಕೊಂಡವರೇ ನೇರವಾಗಿ ಹೋಟೆಲಿಗೆ ಬಂದು ಕೂತರು. ಅದರ ಮರುದಿನವೂ ಬಂದರು. ಮೂರನೆಯ ದಿನ ಆ ಹೆಣ್ಣುಮಗಳು ವ್ಯಾನಿನಿಂದ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ರಸ್ತೆ ದಾಟಿ ಬಂದಳು. ಮಾವನೂ ಅವಳೂ ಎದುರುಬದುರು ಮಾತಾಡಿದ್ದು ಅದೇ ಮೊದಲು. ಸಪ್ಲೈಯರುಗಳು ಕೂಡ ಬಡಿಸುವುದನ್ನು ನಿಲ್ಲಿಸಿ ನೋಡಿದರು.

"ಇದೇನ್ರೀ ಕಾಕಾ? ನನ್ನ ಗಿರಾಕಿ ಎಲ್ಲಾ ನಿಮ್ಮಲ್ಲಿ ಕುಂತಾರ. ಅವತ್ತ ಮಳಿ ಇತ್ತು, ಕರದ್ರಿ, ಛಲೋ ಆತು. ಇವತ್ತ ಮಳಿ ಎಲ್ಲೈತ್ರೀ?"

"ಮಳೆ ಇಲ್ಲಮ್ಮ, ನಿಜ," ಎಂದರು ಮಾವ. "ಬಿಸಿಲಿದೆಯಲ್ಲ."

ಅವಳಿಗೆ ನಗು ಬಂದಿರಬೇಕು, ಆದರೆ ತಡೆದುಕೊಂಡಳು. ಹೀಗೆ ಒಂದೊಂದೇ ಮಾಡಿ ನಾಳೆ ನನ್ನ ರೊಟ್ಟಿನೂ ಬೇಡ ಅನ್ನಿಸ್ತೀರಿ ಎಂದು ದೂರಿದಳು. ಮಾವ ಗಾಬರಿಯಾದರು. ಕಳ್ಳತನದ ಆಪಾದನೆ ಅವರ ಮೇಲೆ ಈವರೆಗೆ ಬಂದಿರಲಿಲ್ಲ. ತಿನ್ನುವುದು ನಿಮ್ಮದು, ಕೂರುವುದು ಮಾತ್ರ ನಮ್ಮದು ಎಂದು ಏನೇನೋ ತೊದಲಿದರು. ಆಗ ಅತ್ತೆ ಗಲ್ಲಾದಿಂದಲೇ ಕೈಮಾಡಿ ಅವಳನ್ನು ಕರೆದರು. ಇಬ್ಬರು ಹೆಂಗಸರೂ ತಲೆ ಹತ್ತಿರ ತಂದು ಪಿಸುಪಿಸು ಮಾತಾಡಿದರು. ಮಾವನನ್ನು ಯಾರೂ ಏನೂ ಕೇಳಲಿಲ್ಲ.

ಮುಂದಿನ ವಾರದಿಂದ ಹೋಟೆಲಿನಲ್ಲಿ ಒಂದು ಹೊಸ ಊಟ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ವ್ಯಾನಿನದು; ಸಾರು, ಅನ್ನ, ಮೊಸರು, ಎಲೆ ಮತ್ತು ಕುರ್ಚಿ ಹೋಟೆಲಿನದು. ಅವಸರದವರು ಮರದ ಕೆಳಗೆ ಮಾವ ಇಟ್ಟ ಕುರ್ಚಿಗಳಲ್ಲಿ ಕೂತು ತಿಂದು ಹೋಗುತ್ತಾರೆ. ಸಾವಕಾಶವಿರುವವರು ಒಳಗೆ ಬರುತ್ತಾರೆ. ಹಾಲ್ ತುಂಬಿತು. ಕುಂದಾಪುರದ ಭಟ್ಟರು ಮಧ್ಯಾಹ್ನ ಬಿಡುವಾದಾಗ ವ್ಯಾನಿನ ಹತ್ತಿರ ಹೋಗಿ ರೊಟ್ಟಿ ತಟ್ಟುವುದನ್ನು ಕಲಿಯುತ್ತಿದ್ದಾರೆ, ಹೇಳಿದರೆ ಒಪ್ಪುವುದಿಲ್ಲ. ದೀಪಾವಳಿಗೆ ಇನ್ನೂ ಸಮಯವಿರುವಾಗಲೇ ಸ್ಟೀಲ್ ಮೇಜಿನವನು ಬಂದ. ಅತ್ತೆ ಅವನಿಗೆ ಕಾಫಿ ಕೊಟ್ಟು, ಮೇಜು ಬೇಡಪ್ಪ, ಇನ್ನೊಂದಿಷ್ಟು ಕುರ್ಚಿ ಬೇಕು ಎಂದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹೋದ ತಿಂಗಳು ಬ್ಯಾಂಕಿನಲ್ಲಿ ಆಡಿಟ್ ಎಂದು ನನಗೆ ಊಟಕ್ಕೆ ಬಹಳ ತಡವಾಯಿತು. ನಾನು ಹೋದಾಗ ಗದ್ದಲವೆಲ್ಲ ಮುಗಿದು ಹಾಲ್ ಖಾಲಿಯಾಗಿತ್ತು. ಅತ್ತೆ ಗಲ್ಲಾದಲ್ಲಿ ಚಿಲ್ಲರೆ ಜೋಡಿಸುತ್ತಿದ್ದರು. ಮಾವ ಅಡುಗೆಮನೆಯ ಬಾಗಿಲಲ್ಲಿದ್ದರು. ಕೈಯಲ್ಲಿ ಸ್ಟೀಲ್ ತಟ್ಟೆ, ಒಂದು ಭುಜ ಬಾಗಿಲಿಗೆ ಒರಗಿತ್ತು, ಕಣ್ಣು ಹಾಲ್‌ನ ಮೇಲೆ. ಹಾಗೆಯೇ ಗಬಗಬ ಅನ್ನ ನುಂಗುತ್ತಿದ್ದರು. ನಾನು ಹುಟ್ಟಿದಾಗಿನಿಂದ ಅವರು ಹೋಟೆಲಿನಲ್ಲಿ ಉಣ್ಣುವುದನ್ನು ಹಾಗೆಯೇ ನೋಡಿದ್ದೇನೆ, ಆದ್ದರಿಂದಲೇ ಎಂದೂ ಗಮನಿಸಿರಲಿಲ್ಲ.

ಅದೇ ಹೊತ್ತಿಗೆ ಆ ಹೆಣ್ಣುಮಗಳು ಡಬ್ಬಿಯಲ್ಲಿ ಬಿಸಿ ರೊಟ್ಟಿ ಹಿಡಿದು ಒಳಗೆ ಬಂದಳು. ಸೀದಾ ಅಡುಗೆಮನೆಯ ಬಾಗಿಲಿಗೆ ಹೋಗಿ ಮಾವನ ಕೈಯಿಂದ ತಟ್ಟೆ ತೆಗೆದುಕೊಂಡಳು. ಮಾವನಿಗೆ ಏನೂ ಅರ್ಥವಾಗಲಿಲ್ಲ.

"ಕಾಕಾ, ನನ್ನ ಗಾಡಿಯಿಂದ ಎಲ್ಲಾ ಕಾಣ್ತೈತ್ರೀ," ಎಂದಳು. "ದಿನಾ ನೋಡ್ತೀನಿ. ಊರ ಮಂದೀನೆಲ್ಲಾ ಕುಂದರಸ್ತೀರಿ. ನೀವು ಒಂದ ದಿನಾನೂ ಕುಂತಿಲ್ಲ."

ಆಗೋಯ್ತಮ್ಮ, ನಂದು ಆಗೇ ಹೋಯ್ತು ಎಂದರು ಮಾವ. ಕುಂದ್ರೀ ಎಂದಳು ಅವಳು. ಕುರ್ಚಿ ಎಳೆದಳು, ಎಲೆ ಹಾಕಿದಳು. ಮಾವ ಕೂತರು. ಕೈ ಎಲ್ಲಿಡಬೇಕು, ಕಣ್ಣು ಎಲ್ಲಿಡಬೇಕು ಎಂದು ತಿಳಿಯದೆ, ಮೊದಲ ಸಲ ಊಟಕ್ಕೆ ಬಂದ ಹೊಸ ಅಳಿಯನ ಹಾಗೆ ಮುದುರಿ ಕೂತರು. ತಮ್ಮ ಹೋಟೆಲನ್ನು ಅವರು ಆ ಎತ್ತರದಿಂದ ನೋಡುತ್ತಿದ್ದದ್ದು ಅದೇ ಮೊದಲೇನೋ. ಗೋಡೆ ನೋಡಿದರು, ಬಾಗಿಲು ನೋಡಿದರು, ಆಮೇಲೆ ತಲೆಯೆತ್ತಿ ಮೇಲೆ ನೋಡಿದರು.

"ಇಲ್ಲಿ ಫ್ಯಾನ್ ಗಾಳಿ ಎಷ್ಟು ಚೆನ್ನಾಗಿ ಬರುತ್ತೆ ಕಣೇ," ಎಂದರು ಅತ್ತೆಗೆ.

ಅತ್ತೆ ಚಿಲ್ಲರೆಯನ್ನು ಅಲ್ಲಿಯೇ ಬಿಟ್ಟು ಗಲ್ಲಾದಿಂದ ಇಳಿದು ಬಂದು, ಮಾವನ ಎದುರಿನ ಕುರ್ಚಿಯಲ್ಲಿ ಕೂತರು. ಮದುವೆಯಾದಾಗಿನಿಂದ ಇಬ್ಬರೂ ಅದೇ ಹಾಲ್‌ನಲ್ಲಿ ದಿನ ಕಳೆದವರು, ಅಲ್ಲಿ ಎದುರುಬದುರು ಕೂತು ಒಂದು ಹೊತ್ತೂ ಉಂಡವರಲ್ಲ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಆ ಹೆಣ್ಣುಮಗಳ ಕಡೆ ತಿರುಗಿದರು.

"ನಂಗೂ ಒಂದೆಲೆ ಹಾಕಮ್ಮ," ಎಂದರು.

ನೀರು ಬಡಿಸುವ ಕೆಲಸ ನನ್ನ ಪಾಲಿಗೆ ಬಂತು. ಕಣ್ಣು ಮಂಜಾಗಿ ಅರ್ಧ ನೀರನ್ನು ಲೋಟದ ಹೊರಗೆ ಸುರಿದೆ. ಯಾರೂ ಬೈಯಲಿಲ್ಲ, ಇಬ್ಬರೂ ಊಟ ಮಾಡುತ್ತಿದ್ದರು.